ಒಂಬತ್ತನೇ ಚುಕ್ಕೆ

ಕೆಲಸ ಮಾಡುತ್ತಿರುವ ವಸ್ತುವನ್ನು ಅದರ ಪಾಡಿಗೆ ಬಿಡುವುದು ನನ್ನ ಗಂಡ ಓಸ್ವೆಲ್‌ನ ಜಾಯಮಾನದಲ್ಲೇ ಇಲ್ಲ. ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನು ಇನ್ನೂ ಚೆನ್ನಾಗಿ ತಿರುಗಿಸುತ್ತೇನೆಂದು ಹೊರಟು ಅದಕ್ಕೆ ಶಾಶ್ವತ ವಿಶ್ರಾಂತಿ ಕೊಟ್ಟ. ಪ್ರೆಷರ್ ಕುಕ್ಕರಿನ ಸೀಟಿಗೆ ತನ್ನದೊಂದು ಸ್ಪ್ರಿಂಗ್ ಸೇರಿಸಿದ. ಅವತ್ತು ಅದರೊಳಗಿದ್ದ ಕರಿ ಬೀನ್ಸ್‌ನ ಗುರುತು ಇವತ್ತಿಗೂ ಅಡುಗೆಮನೆಯ ಚಾವಣಿಯ ಮೇಲಿದೆ. ಅದನ್ನೆಲ್ಲ ನಾನು ನುಂಗಿಕೊಂಡೆ. ಮನುಷ್ಯ ಒಳ್ಳೆಯವನು, ಅಡುಗೆ ಮಾಡುತ್ತಾನೆ, ಕುಣಿಯಲು ಬರುತ್ತದೆ, ಇನ್ನೇನು ಬೇಕು. ಆದರೆ ನನ್ನ ಅಮ್ಮನ ಲ್ಯಾಪ್‌ಟಾಪಿಗೆ ಕೈ ಹಾಕಿದನಲ್ಲ, ಅಂದು ಮಾತ್ರ ಇವನಿಗೆ ತಲೆ ಕೆಟ್ಟಿದೆ ಎಂದು ನನಗೆ ಖಾತ್ರಿಯಾಯಿತು.

ಅಮ್ಮನ ಹೆಸರು ಸೆನೈದಾ. ಕಾರ್ದೆನಾಸ್ ಊರಿನ ನಮ್ಮ ಬೀದಿಯಲ್ಲಿ ಆ ಹೆಸರನ್ನು ಜನ ಸ್ವಲ್ಪ ದನಿ ತಗ್ಗಿಸಿಯೇ ಹೇಳುತ್ತಾರೆ. ಡೊಮಿನೊ ಆಟದಲ್ಲಿ ಅವಳ ಎದುರು ನಿಲ್ಲುವವರಿರಲಿಲ್ಲ. ನಾಲ್ಕು ಸುತ್ತು ಬಿಲ್ಲೆ ಬಿದ್ದರೆ ಸಾಕು, ಯಾರ ಕೈಯಲ್ಲಿ ಏನಿದೆ ಎಂದು ಅವಳು ಬಿಲ್ಲೆಗಳ ಆಚೆ ಬದಿಯನ್ನೇ ನೋಡಿದವಳ ಹಾಗೆ ಹೇಳುತ್ತಿದ್ದಳು. ಅವಳ ಎದುರು ಕೂರುತ್ತಿದ್ದ ಜೊತೆಗಾರ ಫಿಲಿಬೆರ್ತೋ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು, ಊರಿಗೆಲ್ಲ ಪ್ರೊಫೆ. ತನ್ನಷ್ಟು ಬುದ್ಧಿವಂತ ಈ ದ್ವೀಪದಲ್ಲಿ ಇನ್ನೊಬ್ಬನಿಲ್ಲ ಎಂದು ನಂಬಿದ್ದವನು, ಆ ನಂಬಿಕೆಯನ್ನು ಗುಟ್ಟಾಗಿಯೂ ಇಟ್ಟಿರಲಿಲ್ಲ. ಇಬ್ಬರೂ ಸೇರಿ ಬೀದಿಯವರನ್ನೆಲ್ಲ ವರ್ಷಗಟ್ಟಲೆ ಅಳಿಸಿದರು.

ಆಮೇಲೆ ಒಂದು ಭಾನುವಾರ ಆಗಬಾರದ್ದು ಆಯಿತು. ಬೀದಿ ಪಂದ್ಯದ ಕೊನೆಯ ಆಟ. ಅಮ್ಮ ಎರಡೂ ತುದಿಗೆ ಒಂಬತ್ತು ಬರುವ ಹಾಗೆ ಆಡಿ, ತನ್ನ ಜೊತೆಗಾರನಿಗೆ ದಾರಿ ತೆರೆದುಕೊಟ್ಟಳು. ಫಿಲಿಬೆರ್ತೋ ತನ್ನ ಬಿಲ್ಲೆಗಳನ್ನು ನೋಡಿ ಮೇಜು ಕುಟ್ಟಿ "ಪಾಸ್" ಎಂದ, ಅಂದರೆ ಹಾಕಲು ಒಂಬತ್ತಿನ ಬಿಲ್ಲೆಯೇ ಇಲ್ಲ. ಆಟ ಹೋಯಿತು. ಬಿಲ್ಲೆ ತಿರುಗಿಸಿದರೆ ಅವನ ಕೈಯಲ್ಲಿ ಒಂಬತ್ತು-ನಾಲ್ಕು ಕೂತಿತ್ತು. ಕೈಯಲ್ಲಿ ಬಿಲ್ಲೆ ಇಟ್ಟುಕೊಂಡು ಪಾಸ್ ಹೇಳುವುದೆಂದರೆ ನಮ್ಮ ಕಡೆ ಹೆಂಡತಿಗೆ ಮೋಸ ಮಾಡಿದ್ದಕ್ಕಿಂತ ದೊಡ್ಡ ಮಾತು. ಮೋಸ ಮಾಡಿದವನಿಗೆ ಕನಿಷ್ಠ ಒಂದು ಕಾರಣವಾದರೂ ಇರುತ್ತದೆ. ಫಿಲಿಬೆರ್ತೋ ಕಾರಣ ಹೇಳಲಿಲ್ಲ; ಗದ್ದ ಮೇಲೆತ್ತಿ ಕೂತ. ಅಮ್ಮ ಮೇಜನ್ನೇ ಬೋರಲು ಹಾಕಿ ಎದ್ದು ಬಂದಳು. ಅಂದಿನಿಂದ ಅವರಿಬ್ಬರಿಗೂ ಮಾತಿಲ್ಲ, ಅಮ್ಮ ಬೀದಿಯ ಮೇಜಿನತ್ತ ಹೆಜ್ಜೆಯೂ ಇಡಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅಮ್ಮ ತನ್ನ ಹೊಲಿಗೆ ಯಂತ್ರ ಕೊಟ್ಟು ಬದಲಿಗೆ ಆ ಹಳೇ ಲ್ಯಾಪ್‌ಟಾಪ್ ತಂದಳು. ಹೌದು, ಹೊಲಿಗೆ ಯಂತ್ರ. ನನ್ನ ಹದಿನೈದನೇ ಹುಟ್ಟುಹಬ್ಬದ ಗೌನು ಹೊಲಿದದ್ದು. ಯಾಕೆ ಗೊತ್ತೇ? ಆ ಲ್ಯಾಪ್‌ಟಾಪಿನೊಳಗೆ ಡೊಮಿನೊ ಆಟವಿತ್ತು. ಸಂಜೆಯಾದರೆ ಅದರ ಮುಂದೆ ಕೂತು ಆಡುತ್ತಿದ್ದಳು, ಬೈಯುತ್ತಿದ್ದಳು, ಗೆದ್ದರೆ ಅದಕ್ಕೆ ಸಮಾಧಾನ ಹೇಳುತ್ತಿದ್ದಳು. "ಈ ಜೊತೆಗಾರ ಪೆದ್ದ ಇರಬಹುದು, ಆದ್ರೆ ಕೈಯಲ್ಲಿ ಬಿಲ್ಲೆ ಇಟ್ಕೊಂಡು ಪಾಸ್ ಅನ್ನಲ್ಲ" ಎಂದು ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ಕರೆಂಟ್ ಇಲ್ಲದ ಸಂಜೆಗಳಲ್ಲಿ ಸುಮ್ಮನೆ ಮುಚ್ಚಳದ ಮೇಲೆ ಕೈಯಿಟ್ಟು ಕೂತಿರುತ್ತಿದ್ದಳು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಅಮ್ಮ ಹತ್ತಿರದ ಕೊಲೋನ್ ಊರಿನಲ್ಲಿರುವ ತನ್ನ ತಂಗಿಯ ಮನೆಗೆ ಹೋದ ವಾರ ಓಸ್ವೆಲ್ ಸ್ಕ್ರೂಡ್ರೈವರ್ ಹಿಡಿದ.

"ಇದರ ವೈ-ಫೈ ಕಾರ್ಡ್ ಸತ್ತಿದೆ ಮೈಲೇ, ಬೇರೆ ಹಾಕ್ತೀನಿ. ಅತ್ತೆ ಆಟದ ಮಧ್ಯೆ ತಂಗಿ ಮುಖ ನೋಡ್ಕೊಂಡು ಜಗಳ ಆಡಬಹುದು. ಖುಷಿ ಪಡ್ತಾರೆ." ನನ್ನ ಹೆಸರು ಮೈಲೇನಿಸ್, ಅವನ ಬಾಯಲ್ಲಿ ಮೈಲೇ.

"ಅವಳು ಖುಷಿಯಾಗೇ ಇದಾಳೆ. ಮುಟ್ಬೇಡ."

ಮುಟ್ಟಿದ. ಹಳೇ ಯಂತ್ರವೊಂದರ ಕಾರ್ಡ್ ತಂದು ಸಿಕ್ಕಿಸಿದ. ಲ್ಯಾಪ್‌ಟಾಪ್ ಹೊಸ ಕಾರ್ಡನ್ನು ನೋಡಿ, ಇದು ನಮ್ಮ ಮನೆತನದ್ದಲ್ಲ, ತೆಗೆದರೆ ಮಾತ್ರ ಏಳುತ್ತೇನೆ ಎಂದು ತೆರೆಯ ಮೇಲೆ ಬರೆದು ಕೂತಿತು. ಬುದ್ಧಿ ಇದ್ದವನಾದರೆ ತೆಗೆದುಬಿಡುತ್ತಿದ್ದ.

"ಬಯಾಸ್ ಹೀಗ್ ಮಾಡ್ತಿರೋದು" ಎಂದ ಓಸ್ವೆಲ್. "ಯಂತ್ರ ಕಣ್ಣು ಬಿಟ್ಟ ಕೂಡಲೇ ತಾನ್ಯಾರು, ತನ್ನವರು ಯಾರು ಅಂತ ನೆನಪು ಮಾಡ್ಕೊಳ್ಳೋ ಜಾಗ ಅದು. ಒಂದು ಸಣ್ಣ ಚಿಪ್ಪಲ್ಲಿರುತ್ತೆ. ಅದರ ಪಟ್ಟಿಯಲ್ಲಿ ಇಲ್ಲದ ಕಾರ್ಡನ್ನ ಒಳಗೆ ಬಿಡಲ್ಲ. ಆ ಪಟ್ಟೀನೇ ಕಿತ್ತುಹಾಕಿರೋ ಬಯಾಸ್ ನನ್ನ ಹತ್ರ ಇದೆ. ಹಳೇದು ಅಳಿಸಿ ಇದನ್ನ ಬರೆದ್ರೆ ಆಯ್ತು."

"ಬರೆಯೋವಾಗ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಕರೆಂಟ್ ಹೋದ್ರೆ ಮಾತ್ರ ಕಷ್ಟ. ನಾನೇನು ದಡ್ಡನಾ?"

ಈ ಪ್ರಶ್ನೆಗೆ ಉತ್ತರ ಹೇಳದೆ ಬಿಟ್ಟದ್ದು ನನ್ನ ದೊಡ್ಡಗುಣ. ಆ ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿಕೊಂಡು ಯಾವಾಗಲೋ ಕಸಕ್ಕೆ ಹೋಗಿತ್ತು. ಅದು ಗೋಡೆಯ ಕರೆಂಟಿನಲ್ಲೇ ಬದುಕುತ್ತಿತ್ತು. ಹಾಗಾಗಿ ಓಸ್ವೆಲ್ ಬಹಳ ಲೆಕ್ಕ ಹಾಕಿದ. ಬೆಳಗಿನ ಕರೆಂಟ್ ಕಡಿತ ಮುಗಿದು ದೀಪ ಬಂದರೆ ಮತ್ತೆ ಸಂಜೆಯವರೆಗೆ ತೆಗೆಯುವುದಿಲ್ಲ. ದೀಪ ಬಂತು. ವಠಾರವೆಲ್ಲ ಎಂದಿನಂತೆ "ಬಂತೂ!" ಎಂದು ಕೂಗಿತು. ಅವನು ಅವಸರ ಮಾಡಲಿಲ್ಲ. ಎಲ್ಲರ ಫ್ರಿಜ್ಜು, ಫ್ಯಾನು ಶುರುವಾಗಿ ತಣ್ಣಗಾಗಲಿ ಎಂದು ಒಂದು ಲೋಟ ಕಾಫಿ ಕುಡಿದ. ಆಮೇಲೆ ಶಿಲುಬೆ ಗುರುತು ಮಾಡಿಕೊಂಡು ಗುಂಡಿ ಒತ್ತಿದ.

ಕರೆಂಟಿನ ವೇಳಾಪಟ್ಟಿ ಬಾಯಿಪಾಠ ಮಾಡಿದ ಮಹಾನುಭಾವ ನೀರಿನ ದಿನವನ್ನು ಮರೆತಿದ್ದ. ನಮ್ಮದು ಒಂದೇ ಅಂಗಳದ ಸುತ್ತ ಸಾಲು ಮನೆಗಳಿರುವ ವಠಾರ. ಎಲ್ಲರ ಕರೆಂಟೂ ಬಾಗಿಲ ಬಳಿಯ ಒಂದೇ ದೊಡ್ಡ ಸ್ವಿಚ್ಚಿನ ಮೂಲಕ ಬರಬೇಕು. ಕರೆಂಟ್ ಬಂದರೆ ಊರಿನ ನೀರು ಸರಬರಾಜಿನ ಪಂಪೂ ಏಳುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ನಲ್ಲಿ ಕೆಮ್ಮುತ್ತದೆ. ಎದುರು ಮನೆಯ ನೋರ್ಕಾ ಅಂಗಳದಲ್ಲಿ ನಿಂತು "ನೀರು ಬಂತು!" ಎಂದು ಕಿರುಚಿದಳು. ಆ ಕೂಗಿಗೆ ವಠಾರದ ಹೆಂಗಸರೆಲ್ಲ ಒಟ್ಟಿಗೆ ಮೋಟಾರ್ ಹಾಕಿದರು, ನಾನೂ ಹಾಕಿದೆ. ಹಾಕದೆ? ಪಕ್ಕದವಳ ಮೋಟಾರ್ ಎಲ್ಲಾ ಎಳೆದುಕೊಂಡ ಮೇಲೆ ನಾನು ಖಾಲಿ ಡ್ರಮ್ಮು ತಟ್ಟುತ್ತ ಕೂರಬೇಕೇ? ಅಷ್ಟೂ ಮೋಟಾರುಗಳ ಭಾರ ತಾಳದೆ ದೊಡ್ಡ ಸ್ವಿಚ್ಚು ಪಟ್ಟೆಂದು ಬಿತ್ತು. ಒಳಗಿನಿಂದ ಓಸ್ವೆಲ್‌ನ ದನಿ ಬಂತು. ಮಾತಲ್ಲ, ಬರೀ ದನಿ.

ಸ್ವಿಚ್ಚು ಮೇಲೆತ್ತಿದ ಮೇಲೆ ಲ್ಯಾಪ್‌ಟಾಪ್‌ನ ಫ್ಯಾನ್ ತಿರುಗಿತು, ಒಂದು ಪುಟ್ಟ ದೀಪ ಮಿನುಗಿತು, ತೆರೆ ಮಾತ್ರ ಕಪ್ಪಗೇ ಉಳಿಯಿತು. ಅವನು ಪೆನ್‌ಡ್ರೈವ್ ಹಾಕಿ, ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿ, ಉಸಿರು ಬಿಗಿಹಿಡಿದು, ಬಿಟ್ಟು, ಇನ್ನೊಂದು ಬಗೆಯಲ್ಲಿ ಒತ್ತಿ, ಪಿಯಾನೊ ಕಲಿಯುವವನ ಹಾಗೆ ಒದ್ದಾಡಿದ. ಏನೂ ಆಗಲಿಲ್ಲ.

"ಹಳೇ ಬಯಾಸ್‌ನ ನಕಲು ತೆಗೆದಿಟ್ಟಿದ್ಯಾ?" ಎಂದು ಕೇಳಿದೆ.

"ತೆಗೆದಿಟ್ಟಿದೀನಿ! ನಾನೇನು ದಡ್ಡನಾ?"

"ಎಲ್ಲಿ?"

ಅವನು ಲ್ಯಾಪ್‌ಟಾಪನ್ನು ನೋಡಿದ. ನಾನೂ ಲ್ಯಾಪ್‌ಟಾಪನ್ನು ನೋಡಿದೆ.

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಮ್ಮನಿಗೆ ಬೇರೆ ಏನೂ ಇರಲಿಲ್ಲ. ಕೊಡಲು ಇನ್ನೊಂದು ಹೊಲಿಗೆ ಯಂತ್ರವೂ ಇರಲಿಲ್ಲ. ಭಾನುವಾರ ಬಂದು ಮುಚ್ಚಳ ತೆಗೆದಾಗ ಆ ಕಪ್ಪು ತೆರೆಯಲ್ಲಿ ತನ್ನ ಮುಖ ತಾನೇ ನೋಡಿಕೊಂಡು ಕೂರುತ್ತಾಳೆ.

"ಸತ್ತಿಲ್ಲ ಮೈಲೇ" ಎಂದ ಓಸ್ವೆಲ್, ಪಾಪ, ಬೆವರು ಒರೆಸಿಕೊಳ್ಳುತ್ತ. "ನಕಲು ಡಿಸ್ಕಿನಲ್ಲಿದೆ, ಡಿಸ್ಕ್ ಚೆನ್ನಾಗೇ ಇದೆ. ಅದನ್ನ ಬೇರೆ ಯಂತ್ರಕ್ಕೆ ಹಾಕಿ ನಕಲು ತಗೋಬಹುದು. ಆಮೇಲೆ ಚಿಪ್ಪಿಗೇ ಕ್ಲಿಪ್ ಕಚ್ಚಿಸಿ, ಹೊರಗಿನಿಂದ ಬರೀಬೇಕು. ಅದಕ್ಕೊಂದು ಸಾಧನ ಬೇಕು. ಅದು ಈ ಊರಲ್ಲಿ ಒಬ್ಬರ ಹತ್ರ ಮಾತ್ರ..."

"ಹೇಳಬೇಡ."

"ಪ್ರೊಫೆ ಹತ್ರ."

ಫಿಲಿಬೆರ್ತೋನ ಮನೆ ಎರಡು ಬೀದಿಯಾಚೆ. ಒಂದು ಕಾಲದಲ್ಲಿ ಅವನ ಕಿಟಕಿಯ ಮುಂದೆ ರೇಡಿಯೊ, ಫೋನು ಹಿಡಿದವರ ಸಾಲಿರುತ್ತಿತ್ತು. ಈಗ ಕೆಲವು ವರ್ಷಗಳಿಂದ ಅಲ್ಲಿ 'ಬಿಡಿಭಾಗ ಇಲ್ಲ' ಎಂಬ ರಟ್ಟಿನ ತುಂಡು ತೂಗುತ್ತಿದೆ. ಎರಡು ದಿನ ಬಿಟ್ಟು, ಧೈರ್ಯ ಮಾಡಿಕೊಂಡು ಹೋಗಿ ನಾವು ಸೈಕಲ್ ಇಳಿದಾಗ ಅವನು ತೂಗುಕುರ್ಚಿಯಲ್ಲಿ ಕೂತು ಬೀದಿಯ ಕಡೆ ಮುಖ ಮಾಡಿದ್ದ.

"ಯಾರು?" ಎಂದ.

"ನಾನು, ಮೈಲೇನಿಸ್. ಸೆನೈದಾ ಮಗಳು."

"ಸೆನೈದಾ ಅನ್ನೋರು ಯಾರೂ ನನಗೆ ಗೊತ್ತಿಲ್ಲ. ಹೋಗು ಮಗಳೇ."

ಓಸ್ವೆಲ್ ಲ್ಯಾಪ್‌ಟಾಪಿನ ಕಥೆ ಹೇಳಿದ. ಬ್ಯಾಟರಿ ಇಲ್ಲದೆ ಬಯಾಸ್ ಬರೆದದ್ದು ಕೇಳಿ ಫಿಲಿಬೆರ್ತೋ ಕುರ್ಚಿ ತೂಗುವುದನ್ನು ನಿಲ್ಲಿಸಿದ. ನೀರಿನ ದಿನ ಬರೆದದ್ದು ಕೇಳಿ ಕೈ ಎರಡೂ ಆಕಾಶಕ್ಕೆತ್ತಿದ. ನಕಲನ್ನು ಎಲ್ಲಿಟ್ಟಿದ್ದ ಎಂಬುದು ಕೇಳಿದ ಮೇಲೆ, "ನೀನು ನನ್ನ ಶಿಷ್ಯ ಅಂತ ಎಲ್ಲೂ ಹೇಳ್ಕೊಂಡಿಲ್ಲ ತಾನೇ?" ಎಂದ.

"ಇಲ್ಲ ಪ್ರೊಫೆ."

"ದೇವರು ದೊಡ್ಡವನು. ಆದ್ರೆ ನಾನು ಬರಲ್ಲ. ಬಿಡಿಭಾಗ ಇಲ್ಲ."

"ಬಿಡಿಭಾಗ ಯಾರು ಕೇಳಿದ್ರು?" ಎಂದೆ ನಾನು. ನನಗೆ ಅಷ್ಟು ಹೊತ್ತಿಗೆ ರೇಗಿಹೋಗಿತ್ತು. "ಅಮ್ಮ ದಿನಾ ಸಂಜೆ ಅದರ ಜೊತೆ ಡೊಮಿನೊ ಆಡ್ತಾಳೆ. ಒಬ್ಬಳೇ. ಅದಕ್ಕೆ ಬೈತಾಳೆ, ಅದು ತಿರುಗಿ ಬೈಯಲ್ಲ. ನಿಮ್ಮಿಬ್ಬರ ಕೊಬ್ಬಿಗೆ ನನ್ನಮ್ಮ ಡಬ್ಬದ ಜೊತೆ ಮಾತಾಡೋ ಹಾಗಾಗಿದೆ. ಈಗ ಆ ಡಬ್ಬಾನೂ ಸತ್ತಿದೆ."

ಅವನು ಕುರ್ಚಿಯ ಕೈಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. "ಯಂತ್ರದ ಜೊತೇನಾ?" ಎಂದ. ಆಮೇಲೆ, "ಚೆನ್ನಾಗಿ ಆಡುತ್ತಾ ಅದು?" ಎಂದ.

"ಪಾಸ್ ಮಾತ್ರ ನಿಜವಾಗಿ ಹೇಳುತ್ತಂತೆ."

ಆ ಮಾತು ಅವನಿಗೆ ತಾಗಿತು. ಎದ್ದ. ಗೋಡೆ ಸವರುತ್ತ ಒಳಗೆ ಹೋಗಿ ಒಂದು ಬಿಸ್ಕತ್ತಿನ ತಗಡಿನ ಡಬ್ಬ, ತನ್ನ ಹಳೇ ಲ್ಯಾಪ್‌ಟಾಪ್ ತಂದ. "ಅವಳು ಬರೋದರೊಳಗೆ ನಾನು ಹೊರಟಿರಬೇಕು" ಎಂದು ಷರತ್ತು ಹಾಕಿದ.

ನಮ್ಮ ಊಟದ ಮೇಜಿನ ಮೇಲೆ ಅಮ್ಮನ ಲ್ಯಾಪ್‌ಟಾಪನ್ನು ಮಗುಚಿ ಹೊಟ್ಟೆ ಬಿಚ್ಚಿಟ್ಟೆವು. ಫಿಲಿಬೆರ್ತೋ ಡಬ್ಬದಿಂದ ಆ ಸಾಧನ ತೆಗೆದ. ಬೆರಳುದ್ದದ ಒಂದು ಬೋರ್ಡು, ಅದರಿಂದ ಹೊರಟ ಬಣ್ಣಬಣ್ಣದ ತಂತಿಗಳು, ತುದಿಯಲ್ಲಿ ಬಟ್ಟೆ ಒಣಗಹಾಕುವ ಕ್ಲಿಪ್ಪಿನಂಥ ಒಂದು ಬಾಯಿ. ಆ ಬಾಯಿ ಕಚ್ಚಬೇಕಾದ ಚಿಪ್ಪೋ, ಎಂಟು ಕಾಲಿನ ಒಂದು ಕಪ್ಪು ಹುಳ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು.

"ನಾನು ಕಚ್ಚಿಸ್ಲಾ ಪ್ರೊಫೆ?" ಎಂದ ಓಸ್ವೆಲ್.

"ಮುಟ್ಟಬೇಡ! ಕೊಂದವನ ಕೈಯಲ್ಲೇ ಹೆಣ ತೊಳೆಸೋದಾ? ದೂರ ನಿಲ್ಲು."

ಫಿಲಿಬೆರ್ತೋ ಕ್ಲಿಪ್ ಕಚ್ಚಿಸಿದ. ಅವನ ಲ್ಯಾಪ್‌ಟಾಪ್ ಚಿಪ್ ಕಾಣಿಸುತ್ತಿಲ್ಲ ಎಂದಿತು. ಕೇಬಲ್ ಸರಿಯಿಲ್ಲ ಎಂದ. ಓಸ್ವೆಲ್ ಕೇಬಲನ್ನು ರಮ್ಮಿನಲ್ಲಿ ಒರೆಸಿದ. ಉಳಿದ ರಮ್ಮನ್ನು ಫಿಲಿಬೆರ್ತೋ ಕುಡಿದ. ಮತ್ತೆ ಕಚ್ಚಿಸಿದ, ಮತ್ತೆ ಇಲ್ಲ. ಕ್ಲಿಪ್ಪನ್ನು ಮಾಡಿದ ದೇಶವನ್ನು ಬೈದ. ವೋಲ್ಟೇಜನ್ನು ಬೈದ. ಸಮುದ್ರದ ಉಪ್ಪುಗಾಳಿಯನ್ನು ಬೈದ. ನಾನು ಬಟಾಣಿ ಬೆರೆಸಿದ ರೇಷನ್ ಕಾಫಿ ಕೊಟ್ಟರೆ ಅದನ್ನೂ ಬೈದು, ಇನ್ನೊಂದು ಲೋಟ ಕೇಳಿದ. ಅಷ್ಟರಲ್ಲಿ ಓಸ್ವೆಲ್ ಬಗ್ಗಿ, ಚಿಪ್ಪಿನ ಮೇಲೆ ಬೆರಳಿಟ್ಟು ಚಂಗನೆ ಹಿಂದೆ ಹಾರಿದ.

"ಪ್ರೊಫೆ, ಸುಡ್ತಿದೆ ಇದು! ತೆಗೀರಿ, ತೆಗೀರಿ!"

ಕ್ಲಿಪ್ ಕಿತ್ತು ಎಲ್ಲರೂ ಊದುತ್ತಿದ್ದಾಗಲೇ ಬಾಗಿಲು ತೆರೆಯಿತು.

ಅಮ್ಮ ನಿಂತಿದ್ದಳು. ಕಂಕುಳಲ್ಲಿ ಕಾಲು ಕಟ್ಟಿದ ಒಂದು ಜೀವಂತ ಕೋಳಿ, ಕೈಯಲ್ಲಿ ಸೀಬೆಹಣ್ಣಿನ ಬರ್ಫಿಯ ಪೊಟ್ಟಣ. ತಂಗಿಯ ಜೊತೆ ಧಾರಾವಾಹಿಯ ವಿಷಯಕ್ಕೆ ಜಗಳವಾಡಿ ಒಂದು ದಿನ ಮೊದಲೇ ಲಾರಿ ಹತ್ತಿ ಬಂದಿದ್ದಳು. ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದ ತನ್ನ ಲ್ಯಾಪ್‌ಟಾಪನ್ನು ನೋಡಿದಳು. ಅದರ ಮೇಲೆ ಬಾಗಿದ್ದ ಫಿಲಿಬೆರ್ತೋನನ್ನು ನೋಡಿದಳು. ಕೊನೆಗೆ ಓಸ್ವೆಲ್‌ನನ್ನು ನೋಡಿದಳು. ಅವನು ಕೋಳಿಯ ಹಿಂದೆ ಅಡಗಲು ಜಾಗವಿದೆಯೇ ಎಂದು ಯೋಚಿಸುತ್ತಿದ್ದನೆಂದು ಕಾಣುತ್ತದೆ.

"ಅಳಿಯಂದ್ರೇ" ಎಂದಳು ಅಮ್ಮ, ಬಹಳ ಮೆಲ್ಲಗೆ. "ಇದೇನು ಅಂತ ನೀವೇ ಹೇಳ್ತೀರೋ, ಇಲ್ಲಾ ನಾನೇ ಊಹೆ ಮಾಡ್ಕೊಳ್ಲೋ?"

ಓಸ್ವೆಲ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅಮ್ಮ ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಕೆ. ಕೋಳಿಯನ್ನು ಹಿಡಿದುಕೊಂಡೇ ಮೇಜಿನ ಆಚೆ ತುದಿಯ ಕುರ್ಚಿಯಲ್ಲಿ ಕೂತಳು.

"ಮಾಡ್ಲಿ. ಮೋಸಗಾರರು ಕೆಲಸ ಹೇಗ್ ಮಾಡ್ತಾರೆ ಅಂತ ನೋಡೋಣ."

"ನಾನು ಹೊರಟೆ" ಎಂದ ಫಿಲಿಬೆರ್ತೋ.

"ಅರ್ಧಕ್ಕೆ ಬಿಟ್ಟು ಹೋಗೋದು ನಿನಗೇನ್ ಹೊಸದಾ? ಕೂತ್ಕೊ."

ಅವನು ಕೂತ. ಮತ್ತೆ ಕ್ಲಿಪ್ ಎತ್ತಿಕೊಂಡ. ಓಸ್ವೆಲ್ ತಡೆಯಲಾರದೆ, "ಪ್ರೊಫೆ, ತಿರುಗಾಮುರುಗಾ ಆಗಿದೆಯೇನೋ. ಚಿಪ್ಪಿನ ಮೂಲೇಲಿ ಒಂದು ಚುಕ್ಕೆ ಇರುತ್ತಲ್ಲ, ಕೆಂಪು ತಂತಿ ಅದರ ಕಡೆ ಬರ್ಬೇಕಲ್ವಾ?" ಎಂದ.

"ನನಗೇ ಪಾಠ ಹೇಳ್ತೀಯಾ? ಚುಕ್ಕೆ ಕಡೆಗೇ ಹಾಕಿದೀನಿ."

"ಇಲ್ಲ" ಎಂದಳು ಅಮ್ಮ, ಮೇಜಿನ ಆಚೆಯಿಂದ. "ಚುಕ್ಕೆ ಆ ಮೂಲೇಲಿದೆ. ಕಿಟಕಿ ಕಡೆ."

"ಅದು ಧೂಳು."

"ಧೂಳು ಅಷ್ಟು ದುಂಡಗೆ ಇರಲ್ಲ. ಚುಕ್ಕೆ."

ಫಿಲಿಬೆರ್ತೋ ಬಗ್ಗಿದ. ಮೂಗು ಚಿಪ್ಪಿಗೆ ತಾಗುವಷ್ಟು ಬಗ್ಗಿದ. ಆಮೇಲೆ ಕಿಟಕಿಯ ಕಡೆಯಲ್ಲ, ಗೋಡೆಯ ಕಡೆಯ ಮೂಲೆಯ ಮೇಲೆ ಬೆರಳಿಟ್ಟು, "ಹೂಂ, ಇಲ್ಲಿದೆ, ಕಾಣ್ತಿದೆ" ಎಂದ.

ಕೋಳಿ ಒಂದು ಸಲ ಗೊಣಗಿತು.

ಅಮ್ಮ ಕೋಳಿಯನ್ನು ನನ್ನ ಮಡಿಲಿಗೆ ಹಾಕಿ ಎದ್ದಳು. ಬೀರುವಿನ ಕೆಳಗಿನ ಖಾನೆಯಿಂದ ತನ್ನ ಮರದ ಡೊಮಿನೊ ಪೆಟ್ಟಿಗೆ ತೆಗೆದಳು. ಆ ಭಾನುವಾರದ ನಂತರ ಅದನ್ನು ಅವಳು ತೆರೆದದ್ದನ್ನು ನಾನು ನೋಡಿರಲಿಲ್ಲ. ಬಿಲ್ಲೆಗಳ ನಡುವೆ ಹುಡುಕಿ ಒಂದನ್ನು ಆರಿಸಿಕೊಂಡು, ಮೇಜಿನ ಆಚೆಯಿಂದಲೇ ಕೈ ಚಾಚಿ ಅವನ ಮುಖದ ಮುಂದೆ ಹಿಡಿದಳು. ಆಟದಲ್ಲಿ ಬಿಲ್ಲೆ ಎಷ್ಟು ದೂರದಲ್ಲಿ ನಿಂತಿರುತ್ತದೋ ಅಷ್ಟೇ ದೂರ.

"ಇದೇನು?"

ಫಿಲಿಬೆರ್ತೋ ಗದ್ದ ಮೇಲೆತ್ತಿದ. ಅವತ್ತಿನ ಹಾಗೆಯೇ. "ಎಂಟು-ನಾಲ್ಕು" ಎಂದ. "ಮಕ್ಕಳಿಗೆ ಕೇಳೋ ಪ್ರಶ್ನೆ ಕೇಳ್ಬೇಡ ನನಗೆ."

ಅದು ಒಂಬತ್ತು-ನಾಲ್ಕು.

ಅಮ್ಮ ಬಿಲ್ಲೆಯನ್ನು ಕೆಳಗಿಳಿಸಲಿಲ್ಲ. ಅವಳ ಮುಖದಲ್ಲಿ ಆದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಯಾರ ಕೈಯಲ್ಲಿ ಏನಿದೆ ಎಂದು ಯಾವತ್ತೂ ಲೆಕ್ಕ ತಪ್ಪದವಳು, ಎದುರು ಕೂತ ಜೊತೆಗಾರನ ಕಣ್ಣಲ್ಲಿ ಏನಿಲ್ಲ ಎಂಬುದನ್ನು ಇಷ್ಟು ವರ್ಷ ಗಮನಿಸದೇ ಹೋಗಿದ್ದಳು.

"ಅವತ್ತೇ ಯಾಕೋ ಹೇಳ್ಲಿಲ್ಲ?" ಎಂದಳು.

ಗುಟ್ಟು ಬಯಲಾಯಿತೆಂದು ಅವನಿಗೂ ಗೊತ್ತಾಯಿತು. ಕ್ಲಿಪ್ಪನ್ನು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡ. "ಏನಂತ ಹೇಳ್ಲಿ ಸೆನೈದಾ? ಮೋಸಗಾರ ಅಂದ್ರೆ ಜನ ಬೈತಾರೆ, ಅಷ್ಟೇ. ಕಣ್ಣು ಕಾಣಲ್ಲ ಅಂದ್ರೆ ಕೈ ಹಿಡ್ಕೊಂಡು ರಸ್ತೆ ದಾಟಿಸೋಕೆ ಬರ್ತಾರೆ. ಬೈಸ್ಕೊಳ್ಳೋದು ವಾಸಿ ಅನ್ನಿಸ್ತು."

"ಕತ್ತೆ" ಎಂದಳು ಅಮ್ಮ.

"ಹೂಂ."

"ಬಿಲ್ಲೆ ಮೇಲಿನ ಚುಕ್ಕೆ ಗುಳಿ ಬಿದ್ದಿರುತ್ತೆ. ಹೆಬ್ಬೆರಳಲ್ಲಿ ಸವರಿದ್ರೆ ಗೊತ್ತಾಗ್ತಿತ್ತು. ಹೆಬ್ಬೆರಳೂ ಹೋಗಿತ್ತಾ ನಿಂಗೆ?"

"ಎಲ್ಲರ ಮುಂದೆ ಬಿಲ್ಲೆ ಸವರ್ತಾ ಕೂತ್ರೆ ನೋರ್ಕಾಗೆ ತಿಳಿಯಲ್ವಾ? ನೋರ್ಕಾಗೆ ತಿಳಿದ್ರೆ ಹವಾನಾಕ್ಕೆ ತಿಳೀತು."

ನಾನು ಕೋಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅದು ಕುಕ್ಕಿತು.

ಅಮ್ಮ ತನ್ನ ನಿಲುವಂಗಿಗೆ ಕೈ ಒರೆಸಿಕೊಂಡು ಕ್ಲಿಪ್ ಎತ್ತಿಕೊಂಡಳು. "ಕೆಂಪು ತಂತಿ ಚುಕ್ಕೆ ಕಡೆ, ಅಷ್ಟೇ ತಾನೇ?" ಎಂದಳು. ಸೂಜಿಗೆ ನೂಲು ಪೋಣಿಸುವವಳ ನಿಧಾನದಲ್ಲಿ ಎಂಟು ಕಾಲಿನ ಮೇಲೂ ಸರಿಯಾಗಿ ಕೂರಿಸಿದಳು. ಓಸ್ವೆಲ್ ತೆರೆ ನೋಡುತ್ತ "ಕಂಡ್ತು! ಚಿಪ್ ಕಂಡ್ತು!" ಎಂದು ಕುಣಿದ.

ಆಮೇಲಿನದು ಫಿಲಿಬೆರ್ತೋನ ಕೆಲಸ. ಅದಕ್ಕೆ ಕಣ್ಣಿಗಿಂತ ತಲೆ ಬೇಕಿತ್ತು. ಚಿಪ್ಪಿನಲ್ಲಿರುವುದನ್ನು ಎರಡು ಸಲ ಓದಿಸಿ, ಎರಡೂ ಒಂದೇ ಇದೆಯೇ ಎಂದು ಹೋಲಿಸಲು ಹೇಳಿದ. ಅಮ್ಮನ ಡಿಸ್ಕನ್ನು ತನ್ನ ಯಂತ್ರಕ್ಕೆ ಜೋಡಿಸಿ, ಓಸ್ವೆಲ್ ಬಚ್ಚಿಟ್ಟಿದ್ದ ನಕಲನ್ನು ಹೊರಗೆ ತೆಗೆಸಿದ. ಹಳೆಯದನ್ನು ಅಳಿಸಿ, ಬರೆಯಲು ಶುರು ಮಾಡಿಸಿದ. ಎಷ್ಟು ಬರೆದಾಯಿತೆಂದು ತೋರಿಸುವ ಗೆರೆ ತೆರೆಯ ಮೇಲೆ ನಿಧಾನವಾಗಿ ತುಂಬತೊಡಗಿತು.

"ನಿಮ್ಮ ಯಂತ್ರಕ್ಕೆ ಬ್ಯಾಟರಿ ಇದೆ ತಾನೇ ಪ್ರೊಫೆ?" ಎಂದೆ.

"ಎಲ್ಲಿಂದ ಬರ್ಬೇಕು ಬ್ಯಾಟರಿ?"

ಆಗ ಅಂಗಳದಲ್ಲಿ ನಲ್ಲಿ ಕೆಮ್ಮಿತು. ಅವತ್ತೂ ನೀರಿನ ದಿನ, ನಾವು ಮತ್ತೆ ಮರೆತಿದ್ದೆವು.

ಅಮ್ಮ ನನ್ನ ಕೈಯಿಂದ ಕೋಳಿ ಕಿತ್ತುಕೊಂಡು ಬಾಣದ ಹಾಗೆ ಹೊರಗೆ ಹೋದಳು. ಕೋಳಿ ಯಾಕೆ ಬೇಕಿತ್ತೋ ಗೊತ್ತಿಲ್ಲ. ನೋರ್ಕಾ ಬಾಯಿ ತೆರೆದು "ನೀರು ಬ..." ಎನ್ನುವಷ್ಟರಲ್ಲಿ ಅಮ್ಮ ಅಂಗಳದ ನಡುವೆ ನಿಂತಿದ್ದಳು.

"ಯಾರೂ ಮೋಟಾರ್ ಹಾಕಬಾರ್ದು! ನಾನು ಹೇಳೋ ತನಕ ಒಬ್ಬರೂ ಹಾಕಬಾರ್ದು!"

"ನೀರು ನಿಂತೋಗುತ್ತೆ ಸೆನೈದಾ!" ಎಂದಳು ನೋರ್ಕಾ. "ನಾಡಿದ್ದಿನ ತನಕ ನಿನ್ನ ಕೋಳಿ ರಕ್ತದಲ್ಲಿ ಸ್ನಾನ ಮಾಡ್ಲಾ?"

"ನೀನು ಸ್ನಾನ ಮಾಡಿದ್ದು ಯಾರು ಕಂಡಿದಾರೆ? ಕೈ ತೆಗಿ ಸ್ವಿಚ್ಚಿಂದ."

ಬಾಗಿಲುಗಳೆಲ್ಲ ತೆರೆದವು. ಬೈಗುಳ ನಾಲ್ಕೂ ಕಡೆಯಿಂದ ಬಂತು. ಅಮ್ಮ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ದೊಡ್ಡ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ. ಇಡೀ ವಠಾರದ ನೀರು ಕಣ್ಣೆದುರೇ ಚರಂಡಿಗೆ ಹರಿಯುತ್ತಿರುವಾಗ ಅದನ್ನು ತಡೆದು ನಿಲ್ಲಬಲ್ಲವರು ನನ್ನ ಅಮ್ಮನನ್ನು ಬಿಟ್ಟರೆ ಈ ಊರಲ್ಲಿ ಇನ್ನೊಬ್ಬರಿಲ್ಲ. ಕೊನೆಗೆ ಒಳಗಿನಿಂದ ಓಸ್ವೆಲ್ "ಮುಗೀತು!" ಎಂದು ಕೂಗಿದ. ಅಮ್ಮ ಪಕ್ಕಕ್ಕೆ ಸರಿದಳು. ಎಲ್ಲ ಮೋಟಾರುಗಳೂ ಒಟ್ಟಿಗೆ ಗರ್ಜಿಸಿದವು. ಸ್ವಿಚ್ಚು ಪಟ್ಟೆಂದು ಬಿತ್ತು.

ಕರೆಂಟ್ ಮತ್ತೆ ಬಂದ ಮೇಲೆ ಲ್ಯಾಪ್‌ಟಾಪ್ ಜೋಡಿಸಿ ಗುಂಡಿ ಒತ್ತಿದೆವು. ತೆರೆ ಕಪ್ಪಗಿತ್ತು. ಕಪ್ಪಗೇ ಇತ್ತು. ಮೊದಲ ಸಲ ತಡವಾಗುತ್ತೆ ಎಂದ ಫಿಲಿಬೆರ್ತೋ. ಅವನ ದನಿಯಲ್ಲಿ ಅಷ್ಟು ಧೈರ್ಯವಿರಲಿಲ್ಲ. ಆಮೇಲೆ ಬೆಳಕು ಬಂತು. ಇದು ನಮ್ಮ ಮನೆತನದ ಕಾರ್ಡಲ್ಲ, ತೆಗೆದರೆ ಮಾತ್ರ ಏಳುತ್ತೇನೆ ಎಂದು ಅದೇ ಹಳೇ ಸಿಡುಕಿನ ಸಾಲು ತೆರೆಯ ಮೇಲೆ ಮೂಡಿತು. ಆ ಸಾಲು ನೋಡಿ ಇಷ್ಟು ಸಂತೋಷಪಟ್ಟವರು ಲೋಕದಲ್ಲಿ ಯಾರೂ ಇರಲಾರರು. ಓಸ್ವೆಲ್ ಕಾರ್ಡನ್ನು ನೋಡಿದ, ನಮ್ಮನ್ನು ನೋಡಿದ. "ಇನ್ನೊಂದು ಸಲ ಬ್ಯಾಟರಿ ಹಾಕಿ ಪ್ರಯತ್ನ..." ಎಂದು ಶುರುಮಾಡಿದ.

"ಓಸ್ವೆಲ್!" ಎಂದೆವು ಮೂವರೂ.

ಅವನು ಕಾರ್ಡ್ ಕಿತ್ತು ಜೇಬಿಗೆ ಹಾಕಿಕೊಂಡ. ಡೊಮಿನೊ ಆಟ ತೆರೆಯಿತು, ಬಿಲ್ಲೆಗಳು ಟಕಟಕ ಎಂದವು. ಅಮ್ಮ ಅದನ್ನು ಒಂದು ಗಳಿಗೆ ನೋಡಿ ಮುಚ್ಚಳ ಹಾಕಿದಳು.

"ಬಿಸಿಲು ಇಳೀತು" ಎಂದಳು ಫಿಲಿಬೆರ್ತೋಗೆ. "ಮೇಜು ಹಾಕಿರ್ತಾರೆ. ನಡಿ."

"ನಾನು ಬರಲ್ಲ ಸೆನೈದಾ."

"ನಡಿ ಅಂದೆ. ನಾನು ಯಾರಿಗೂ ಏನೂ ಹೇಳಲ್ಲ."

ಬೀದಿಯ ಮೇಜಿನಲ್ಲಿ ನೋರ್ಕಾ, ಅವಳ ಗಂಡ ಕೂತಿದ್ದರು. ಫಿಲಿಬೆರ್ತೋನನ್ನು ಕಂಡು ನೋರ್ಕಾ, "ಓಹೋ, ಪಾಸ್ ಸಾಹೇಬ್ರು ಬಂದ್ರು! ಇವತ್ತು ಜೇಬಲ್ಲಿ ಎಷ್ಟು ಒಂಬತ್ತು ಇಟ್ಕೊಂಡಿದೀರ?" ಎಂದಳು. ಅವನ ಗದ್ದ ಮೇಲೆದ್ದಿತು. ಅಮ್ಮ ಅವನ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಸೋತವರು ಬಿಲ್ಲೆ ಕಲಸಬೇಕು, ಅದಕ್ಕೆ ನಮ್ಮಲ್ಲಿ ನೀರು ಕೊಡುವುದು ಎನ್ನುತ್ತಾರೆ. ಹಿಂದಿನ ಆಟ ಸೋತಿದ್ದ ನೋರ್ಕಾಳ ಗಂಡ ನೀರು ಕೊಟ್ಟ. ಎಲ್ಲರೂ ತಮ್ಮ ಬಿಲ್ಲೆಗಳನ್ನು ಎತ್ತಿಕೊಂಡರು.

ಅಮ್ಮ ಒಂದೊಂದೇ ಬಿಲ್ಲೆಯನ್ನು ಎತ್ತಿ ಅದರ ಮುಖದ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಸವರಿ, ಸವರಿ ನಿಲ್ಲಿಸತೊಡಗಿದಳು. ಪ್ರತಿ ಚುಕ್ಕೆಯನ್ನೂ ಎಣಿಸುವವಳ ಹಾಗೆ, ಎಲ್ಲರಿಗೂ ಕಾಣುವ ಹಾಗೆ.

"ಏನೇ ಇದು ಸೆನೈದಾ?" ಎಂದಳು ನೋರ್ಕಾ. "ಕಣ್ಣು ಹೋಯ್ತಾ?"

"ಹೂಂ ಕಣೇ" ಎಂದಳು ನನ್ನ ಅಮ್ಮ. "ವಯಸ್ಸಾಯ್ತಲ್ಲ. ಚುಕ್ಕೆಗಳು ಕಾಣೋದೇ ಇಲ್ಲ. ಇನ್ಮೇಲೆ ನಾನು ಹೀಗೇ ಆಡೋದು, ಬೇಕಾದ್ರೆ ಹವಾನಾಕ್ಕೆ ಹೇಳಿ ಕಳ್ಸು."

ವಯಸ್ಸು ಕೇಳಿದವರಿಗೆ ಇವತ್ತಿನವರೆಗೆ ಒಂದು ವರ್ಷವನ್ನೂ ಬಿಟ್ಟುಕೊಡದ ಹೆಂಗಸು ಅವಳು. ಒಂದೆರಡು ಗಂಟೆ ಹಿಂದೆಯಷ್ಟೇ ಮೇಜಿನ ಆಚೆಯಿಂದ ಸಾಸಿವೆಗಿಂತ ಸಣ್ಣ ಚುಕ್ಕೆಯನ್ನು ಕಂಡವಳು. ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಎದುರಿನಲ್ಲಿ ಫಿಲಿಬೆರ್ತೋನ ಹೆಬ್ಬೆರಳು ಮೆಲ್ಲಗೆ ತನ್ನ ಮೊದಲ ಬಿಲ್ಲೆಯ ಮೇಲೆ ಹೋಯಿತು, ಆಮೇಲೆ ಎರಡನೆಯದರ ಮೇಲೆ. ಯಾರೂ ಅವನತ್ತ ನೋಡಲಿಲ್ಲ. ಎಲ್ಲರೂ ಅಮ್ಮನನ್ನೇ ನೋಡಿ ನಗುತ್ತಿದ್ದರು.

ತನ್ನ ಸರದಿ ಬಂದಾಗ ಅವನು ಬಿಲ್ಲೆಯನ್ನು ಮೇಜಿನ ಮೇಲೆ ಎಷ್ಟು ಜೋರಾಗಿ ಬಡಿದನೆಂದರೆ ನೋರ್ಕಾಳ ಕಾಫಿ ಚೆಲ್ಲಿತು.

"ಒಂಬತ್ತು!" ಎಂದ.

ಆ ಆಟ ಅವರಿಬ್ಬರೂ ಸೋತರು. ಅಮ್ಮ ಮೇಜು ಬೋರಲು ಹಾಕಲಿಲ್ಲ. ಬಿಲ್ಲೆಗಳನ್ನೆಲ್ಲ ಅವನ ಕಡೆಗೆ ತಳ್ಳಿ, "ನೀರು ಕೊಡು ಫಿಲಿಬೆರ್ತೋ" ಎಂದಳು.